ಮೈಕಣ್ಣನ ಕಾಲಡಿಯ ಸ್ವಿಚ್ಚು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪುರಭವನದ ಹಿಂಬಾಗಿಲಿನಿಂದ ಒಬ್ಬರು ಆಳೆತ್ತರದ ಕಪ್ಪು ಸ್ಪೀಕರ್ ಬಾಕ್ಸೊಂದನ್ನು ಎದೆಗವುಚಿಕೊಂಡು ಒಳಗೆ ಬರುತ್ತಿದ್ದಾರೆ. ನಿದ್ದೆಹೋದ ಮಗುವಿನ ತಲೆ ಬಾಗಿಲಿಗೆ ತಾಗದಿರಲಿ ಎಂದು ತಾಯಿ ನಡೆಯುತ್ತಾಳಲ್ಲ, ಹಾಗೆ ಅಡ್ಡಡ್ಡ ಹೆಜ್ಜೆ. ಹೆಗಲಿಗೆ ಕೇಬಲ್ಲಿನ ಸುರುಳಿ, ಹಲ್ಲಿನ ನಡುವೆ ಟೇಪಿನ ಉಂಡೆ. ಬಾಕ್ಸು ಇಳಿಸಿ, ವೈರು ಎಳೆದು, ಅದು ಯಾರ ಕಾಲಿಗೂ ತೊಡರದಂತೆ ನೆಲಕ್ಕೆ ಟೇಪು ಅಂಟಿಸಿ, ಕೊನೆಗೆ ಮೈಕು ಕೈಗೆತ್ತಿಕೊಳ್ಳುತ್ತಾರೆ.

"ಹಲೋ... ಹಲೋ... ಕೇಳಿಸ್ತಾ ಇದೆಯಾ?"

ಸಾಲುಸಾಲು ಖಾಲಿ ಕುರ್ಚಿಗಳು. ಕೊನೆಯ ಸಾಲಿನಲ್ಲಿ ಪೊರಕೆ ಹಿಡಿದು ಬಗ್ಗಿರುವ ಮುದುಕಿ ಮಾತ್ರ ತಲೆ ಎತ್ತುತ್ತಾಳೆ. ಭವನ ಗುಡಿಸುವವಳು, ಎಲ್ಲರಿಗೂ ದೊಡ್ಡಮ್ಮ.

"ಯಾರನ್ನ ಕೇಳ್ತಿದ್ದೀಯೋ? ಇಲ್ಲಿರೋಳು ನಾನೊಬ್ಬಳು. ನನಗೋ ಕಿವಿ ಮಂದ."

"ಹಾಗಾದ್ರೆ ನೀನೂ ಒಂದು ಸಲ ಎಲೆಕ್ಷನ್‌ಗೆ ನಿಲ್ಲಬಹುದು ದೊಡ್ಡಮ್ಮ. ಅರ್ಹತೆ ಇದೆ."

ಇವರೇ ಮೈಕಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಅರವತ್ತು ಮುಟ್ಟುತ್ತಿದೆ ವಯಸ್ಸು. ಪುರಭವನದಲ್ಲಿ ತಿಂಗಳಿಗೊಮ್ಮೆ ಶಾಸಕರು ಜನರ ದೂರು ಕೇಳುವ ಅಹವಾಲು ಸಭೆಗೆ ಮೈಕು ಇವರದೇ. ಈಗಿನ ಶಾಸಕರಲ್ಲ, ಅವರಿಗಿಂತ ಹಿಂದಿನವರಲ್ಲ, ಅವರಿಗೂ ಹಿಂದಿನವರ ಕಾಲದಿಂದ ಇವರದೇ. ಕುರ್ಚಿಯಲ್ಲಿ ಕೂತವರು ಬದಲಾಗಿದ್ದಾರೆ, ಕುರ್ಚಿಯ ಮೇಲಿನ ಟವೆಲ್ಲು ಬದಲಾಗಿದೆ. ಮೇಜಿನ ಹಿಂದೆ ಮೂಲೆಯಲ್ಲಿ ಆಂಪ್ಲಿಫೈಯರು ಇಟ್ಟುಕೊಂಡು ಕೂರುವ ಈ ಮನುಷ್ಯ ಬದಲಾಗಿಲ್ಲ. ಇಂಥ ಊರೊಂದರಲ್ಲಿ ಮೂವತ್ತು ವರ್ಷದ ಭಾಷಣವನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಕೇಳಿಸಿಕೊಂಡು ಇನ್ನೂ ತಲೆ ನೆಟ್ಟಗಿರುವವರು ಇವರೊಬ್ಬರೇ ಇರಬೇಕು.

"ಕೇಳಿಸ್ಕೊಂಡವರು ಯಾರು?" ಎನ್ನುತ್ತಾರೆ ಮೈಕಣ್ಣ, ಬರೆದುಕೊಳ್ಳುತ್ತಿದ್ದ ನನ್ನತ್ತ ತಿರುಗಿ. "ನಮ್ಮ ಗುರುಗಳು ಹೇಳಿದ್ರು, ದನಿ ಕೇಳು, ಮಾತು ಕೇಳ್ಬೇಡ. ಮಾತು ಕೇಳೋಕೆ ಹೋದ್ರೆ ಈ ಕೆಲಸದಲ್ಲಿ ವರ್ಷ ತುಂಬೋದ್ರೊಳಗೆ ಹುಚ್ಚು ಹಿಡಿಯುತ್ತೆ ಅಂತ. ನಾನು ಹಾಗೇ ಬದುಕಿದ್ದು. ಯಾವ ಸಾಹೇಬ್ರ ಗಂಟಲು ಯಾವಾಗ ಕಟ್ಟುತ್ತೆ, ಯಾರು ಮೈಕ್ ನುಂಗೋ ಹಾಗೆ ಹಿಡೀತಾರೆ, ಯಾರು ಅಳೋ ಮುಂಚೆ ಒಂದು ಗುಟುಕು ನೀರು ಕುಡೀತಾರೆ, ಎಲ್ಲ ಗೊತ್ತು. ಏನು ಹೇಳಿದ್ರು ಅಂತ ಕೇಳ್ಬೇಡಿ."

ಗುರುಗಳೆಂದರೆ ಮದುವೆ ಮನೆಗಳಿಗೆ ಸೈಕಲ್ಲಿನಲ್ಲಿ ಹಾರ್ನು ಕಟ್ಟಿಕೊಂಡು ಹೋಗುತ್ತಿದ್ದ ಹಳೆಯ ಮೈಕ್ ಸೆಟ್ಟಿನವರು. ಅವರ ಮೊದಲ ಪಾಠವೇ ಬೇರೆ. ಬಾಕ್ಸಿನ ಮೂತಿ ಯಾವತ್ತೂ ಜನರ ಕಡೆಗಿರಬೇಕು, ಮಾತಾಡುವವರ ಕಡೆ ತಿರುಗಬಾರದು. ತಿರುಗಿದರೆ ಬಾಕ್ಸಿನಿಂದ ಹೊರಟ ದನಿ ಮತ್ತೆ ಮೈಕಿಗೇ ಹೊಕ್ಕು, ಮತ್ತೆ ಬಾಕ್ಸಿಗೆ ಬಂದು, ಕಿವಿ ತೂತು ಬೀಳುವ ಹಾಗೆ ಕಿರುಚುತ್ತದೆ. ಕಸುಬಿನವರು ಅದಕ್ಕೆ ಹೌಲಿಂಗ್ ಎನ್ನುತ್ತಾರೆ. ಹೌಲಿಂಗ್ ಬಂತೆಂದರೆ ಮೈಕಿನವನ ಮಾನ ಹೋಯಿತು.

ಈ ಪಾಠದ ಫಲವೊಂದನ್ನು ನಾವ್ಯಾರೂ ಯೋಚಿಸಿರುವುದಿಲ್ಲ. ಬಾಕ್ಸುಗಳೆಲ್ಲ ಜನರತ್ತ ನೋಡುತ್ತಿರುವುದರಿಂದ ವೇದಿಕೆಯ ಮೇಲಿನವರ ಮಾತು ಕೊನೆಯ ಸಾಲಿಗೂ ಗಂಟೆ ಹೊಡೆದ ಹಾಗೆ ಕೇಳುತ್ತದೆ. ಜನ ಮಾತಾಡಿದರೆ? ಅದೂ ಜನರಿಗೇ ಕೇಳುತ್ತದೆ. ವೇದಿಕೆಗೆ ಹೋಗುವುದು ಬಾಕ್ಸಿನ ಬೆನ್ನಿನಿಂದ ಸೋರಿದ ಗುಂಯ್‌ಗುಟ್ಟುವ ಸದ್ದು ಮಾತ್ರ. ಶಾಸಕರ ಕಾಲ ಬಳಿ ಪುಟ್ಟದೊಂದು ಬಾಕ್ಸಿರುತ್ತದೆ, ನಿಜ. ಅದರಲ್ಲಿ ಬರುವುದು ಅವರದೇ ದನಿ. ತಮ್ಮ ಮಾತು ತಮಗೆ ಇಂಪಾಗಿ ಕೇಳಲಿ ಎಂದು ಮಾಡಿದ ಏರ್ಪಾಡು.

ಇವತ್ತು ಬೆಳಗ್ಗೆ ಮಾತ್ರ ಮೈಕಣ್ಣ ಒಂದು ದೊಡ್ಡ ಬಾಕ್ಸನ್ನು ಸ್ಟ್ಯಾಂಡಿನ ಸಮೇತ ವೇದಿಕೆಯ ಕಡೆಗೆ ತಿರುಗಿಸಿ ನಿಲ್ಲಿಸಿದ್ದಾರೆ.

"ಆ ಡಬ್ಬದ ಮೂತಿ ಯಾಕೋ ಆ ಕಡೆ?" ದೊಡ್ಡಮ್ಮ ಪೊರಕೆಯಿಂದಲೇ ತೋರಿಸುತ್ತಾಳೆ.

"ಅಲ್ಲಿ ಕೂರೋರಿಗೂ ಕೇಳಿಸ್ಲಿ ಅಂತ."

"ಕೇಳಿಸಿದ್ರೆ?"

ಮೈಕಣ್ಣ ಅಂಗಿಯ ಜೇಬಿನಿಂದ ಒಂದು ಪುಟ್ಟ ಸ್ವಿಚ್ಚು ತೆಗೆದು, ಅಂಗೈಯಲ್ಲಿಟ್ಟು ನೋಡುತ್ತಾ ನಿಲ್ಲುತ್ತಾರೆ. ಹಳೆಯ ಟೇಬಲ್ ಲ್ಯಾಂಪಿನದು, ಕಾಲಿನಿಂದ ಒತ್ತುವಂಥದ್ದು. ಆಮೇಲೆ ತಮ್ಮ ಮೇಜಿನ ಕೆಳಗೆ ತೂರಿ ಅದನ್ನೂ ಜೋಡಿಸುತ್ತಾರೆ.

ಆ ಸ್ವಿಚ್ಚಿನ ಕಥೆ ಹೇಳದೆ ಈ ಮನುಷ್ಯನ ಕಥೆ ಹೇಳಿದರೆ ಅದು ಅರ್ಧ ಸುಳ್ಳು. ಜನರ ಸಾಲಿನ ಮುಂದೆ ಒಂದು ಮೈಕು ನಿಂತಿರುತ್ತದಲ್ಲ, ಟೋಕನ್ ಹಿಡಿದವರು ಬಂದು ಅಹವಾಲು ಹೇಳುವ ಮೈಕು, ಅದರ ಪ್ರಾಣ ಈ ಸ್ವಿಚ್ಚಿನಲ್ಲಿದೆ. ಒತ್ತಿದರೆ ಅದು ಸಾಯುತ್ತದೆ. ಕಾಲಿಗೇ ಯಾಕೆ ಎಂದರೆ, ಮೈಕಣ್ಣನ ಕೈಗಳೆರಡೂ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತಿರಬೇಕು. ಹಾಗೆಂದು ಕೇಳಿ ಮಾಡಿಸಿಕೊಂಡದ್ದು ಮೊದಲನೆಯ ಶಾಸಕರ ಪಿ.ಎ. "ಜನ ಕಥೆ ಪುರಾಣ ಶುರು ಮಾಡ್ತಾರಪ್ಪ, ಸಮಯ ನಿಭಾಯಿಸೋಕೆ ಬೇಕು" ಎಂದಿದ್ದನಂತೆ. ಸಮಯವೇನೋ ನಿಭಾಯಿಸಲ್ಪಟ್ಟಿತು. ಬೀದಿದೀಪದ ಬಗ್ಗೆ ಮಾತಾಡಿದವನಿಗೆ ಸಮಯವೇ ಸಮಯ. ಗುತ್ತಿಗೆದಾರನ ಹೆಸರೆತ್ತಿದವನಿಗೆ ಅರ್ಧ ವಾಕ್ಯ.

ಸ್ವಿಚ್ಚು ಒತ್ತು ಎನ್ನುವ ಸನ್ನೆಗಳು ಮಾತ್ರ ಬದಲಾದವು. ಆ ಪಿ.ಎ. ಕಿವಿ ಕೆರೆದುಕೊಳ್ಳುತ್ತಿದ್ದ. ಎರಡನೆಯವನು ಪೆನ್ನು ಬೀಳಿಸುತ್ತಿದ್ದ. ಈಗಿನವನು ಕನ್ನಡಕ ತೆಗೆದು ಒರೆಸುತ್ತಾನೆ. ಹಾವು ಮುಂಗುಸಿಯಂಥ ಪಕ್ಷಗಳು. ಒಬ್ಬರು ಕುಡಿದ ಲೋಟದಲ್ಲಿ ಇನ್ನೊಬ್ಬರು ನೀರು ಕುಡಿಯುವುದಿಲ್ಲ. ಸೋತವರು ಕಚೇರಿ ಬಿಡುವಾಗ ಕಡತ ಕೊಡುವುದಿಲ್ಲ, ಬೀರುವಿನ ಕೀಲಿ ಸಹ ಕೊಡದೆ ಹೋಗುತ್ತಾರೆ. ಆದರೆ ಸ್ವಿಚ್ಚಿನ ವಿಷಯವೊಂದು ಮಾತ್ರ ಹಳೆಯ ಪಿ.ಎ.ಯಿಂದ ಹೊಸ ಪಿ.ಎ.ಗೆ ತಪ್ಪದೆ ತಲುಪುತ್ತದೆ.

"ನಾನು ಒಬ್ಬರಿಗೂ ಹೇಳಿಲ್ಲ. ಅವರೇ ಬಂದು, 'ಅದು ಎಲ್ಲಿದೆ ತೋರಿಸು' ಅಂತಾರೆ" ಎಂದು ನಗುತ್ತಾರೆ ಮೈಕಣ್ಣ. ನಗುವಲ್ಲ ಅದು, ಹಲ್ಲು ಕಚ್ಚಿಕೊಂಡಿದ್ದು.

ಮೈಕು ಸತ್ತಾಗ ಜನ ಬೈಯುವುದು ಯಾರನ್ನು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. "ಏಯ್, ಏನಯ್ಯ ನಿನ್ನ ಡಬ್ಬಾ ಸೆಟ್ಟು! ನಮ್ಮ ಕೈಗೆ ಬಂದ ಕೂಡ್ಲೇ ಕೆಡುತ್ತಲ್ಲ!" ಎಂದು ಸಭೆಯೇ ಕೂಗುತ್ತದೆ. ವೇದಿಕೆಯ ಮೇಲಿಂದ ಶಾಸಕರು ದೊಡ್ಡ ಮನಸ್ಸು ಮಾಡಿ, "ಇರಲಿ ಬಿಡಿ, ಪಾಪ, ಬಡವ" ಎಂದು ಸಮಾಧಾನ ಹೇಳುತ್ತಾರೆ. ಊರಿನಲ್ಲಿ ಮದುವೆಗೆ, ನಾಟಕಕ್ಕೆ ಈಗ ಇವರನ್ನು ಕರೆಯುವವರೇ ಇಲ್ಲ. ಕೆಟ್ಟ ಮೈಕಿನವನು ಎಂಬ ಹೆಸರು ಅಂಟಿಕೊಂಡಿದೆ. ಒಂದು ಸಲವೂ ಕೆಡದ ಸೆಟ್ಟಿನ ಯಜಮಾನನಿಗೆ ಈ ಬಿರುದು. ಉಳಿದ ಅನ್ನವೆಂದರೆ ಪುರಭವನದ್ದೇ. ಉಳಿದ ಅನ್ನ ಅದೊಂದೇ ಆದ್ದರಿಂದ ಸ್ವಿಚ್ಚು ಒತ್ತಲೇಬೇಕು. ಒತ್ತಿದ್ದರಿಂದಲೇ ಉಳಿದದ್ದೆಲ್ಲ ಹೋದದ್ದು. ಈ ಗಂಟಿನ ತುದಿ ಎಲ್ಲಿದೆ ನೀವೇ ಹುಡುಕಿ.

ಇಷ್ಟು ವರ್ಷ ಒತ್ತಿದ ಕಾಲು ಇವತ್ತು ಯಾಕೆ ಅಳುಕುತ್ತಿದೆ ಎಂದರೆ, ಇವತ್ತಿನ ಟೋಕನ್ ಸಾಲಿನಲ್ಲಿ ಮೈಕಣ್ಣನ ಒಡಹುಟ್ಟಿದ ಅಕ್ಕ ಇದ್ದಾಳೆ.

ಅಕ್ಕನ ಗಂಡ, ಅಂದರೆ ಭಾವ, ದರ್ಜಿ. ಎರಡೂ ಕಿಡ್ನಿ ಕೈಕೊಟ್ಟು ಹೊಲಿಗೆ ಯಂತ್ರ ತುಳಿಯುವ ಶಕ್ತಿ ಹೋಗಿದೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು. ಮನೆಯಿಂದ ಕೂಗಳತೆಯಲ್ಲಿರುವ ಸರ್ಕಾರಿ ಆಸ್ಪತ್ರೆಯಲ್ಲಿ ಯಂತ್ರ ಇದೆ. ಕಳೆದ ಚುನಾವಣೆಗೆ ಮುಂಚೆ ಶಾಸಕರು ರಿಬ್ಬನ್ ಕತ್ತರಿಸಿ ಉದ್ಘಾಟಿಸಿದ್ದು. ಅವತ್ತಿನ ಮೈಕೂ ಇವರದೇ. ಆದರೆ ಅದನ್ನು ನಡೆಸಲು ಟೆಕ್ನಿಷಿಯನ್ ಬರಲಿಲ್ಲ. ಯಂತ್ರದ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿಲ್ಲ, ಕತ್ತರಿಸಿದ ರಿಬ್ಬನ್ನಿನ ತುಂಡು ಇನ್ನೂ ಅದರ ಕುತ್ತಿಗೆಯಲ್ಲಿದೆ. ಯಾರೋ ಅದಕ್ಕೆ ಕೊಡೆ ನೇತುಹಾಕಿದ್ದಾರೆ. ಭಾವ ಮಾತ್ರ ನಸುಕಿನಲ್ಲೆದ್ದು ಬಸ್ಸು ಹತ್ತಿ ದೂರದ ಊರಿನ ಆಸ್ಪತ್ರೆಗೆ ಹೋಗುತ್ತಾರೆ. ಬರುವಾಗ ಕಿಟಕಿ ಪಕ್ಕದ ಸೀಟೇ ಬೇಕು, ವಾಂತಿಗೆ. ಕಳೆದ ವಾರ ಬಸ್ಸಿನಲ್ಲೇ ಜ್ಞಾನ ತಪ್ಪಿತ್ತು. ಇನ್ನೆಷ್ಟು ದಿನ ಈ ಓಡಾಟ ತಡೆದೀತು ಎಂದು ಅಲ್ಲಿಯ ಡಾಕ್ಟರು ಅಕ್ಕನನ್ನು ಪಕ್ಕಕ್ಕೆ ಕರೆದು ಕೇಳಿದ್ದಾರೆ.

ನಿನ್ನೆ ಸಂಜೆ ಅಕ್ಕ ತಮ್ಮನ ಮನೆಗೆ ಬಂದು ಟೋಕನ್ ತೋರಿಸಿದಳಂತೆ. "ನಾಳೆ ಒಂದಿನ ಆದ್ರೂ ನಿನ್ನ ಸೆಟ್ಟು ಕೆಡದೆ ಇರ್ಲಿ ಕಣೋ. ನನಗೆ ಅಷ್ಟು ಮಾಡಿಕೊಡು ಸಾಕು."

"ಆ ಮಾತು ಕೇಳಿದ ಮೇಲೆ ಅನ್ನ ಇಳೀಲಿಲ್ಲ" ಎನ್ನುತ್ತಾರೆ ಮೈಕಣ್ಣ. "ಅವಳಿಗೂ ನನ್ನ ಸೆಟ್ಟು ಕೆಟ್ಟಿದ್ದು ಅಂತಲೇ ನಂಬಿಕೆ. ಏನು ಹೇಳ್ಲಿ?"

ಸಭೆಗೆ ಮುಂಚೆ ಪಿ.ಎ. ಬರುತ್ತಾನೆ. ಮಿರಿಮಿರಿ ಶೂ. ಮೇಜಿನ ಬಳಿ ನಿಂತು, ಬೇರೆಲ್ಲೋ ನೋಡುತ್ತಾ, ಶೂ ತುದಿಯಿಂದ ಸ್ವಿಚ್ಚು ಅಲ್ಲಿದೆಯೇ ಎಂದು ಮುಟ್ಟಿ ನೋಡುತ್ತಾನೆ.

"ಎಲ್ಲ ಸರಿ ಇದೆ ತಾನೆ?"

"ಇದೆ ಸರ್."

"ಆಸ್ಪತ್ರೆ ವಿಷಯ ಎರಡು ಮೂರು ಬಂದಿದೆ. ನೋಡ್ಕೊಳ್ಳಿ."

ಹೊತ್ತು ಮೀರಿ ಶಾಸಕರು ಬರುತ್ತಾರೆ. ಎದ್ದು ನಿಲ್ಲುವಿಕೆ, ಹೂಗುಚ್ಛ, ಸ್ವಾಗತ, ಸ್ವಾಗತಕ್ಕೊಂದು ಸ್ವಾಗತ. ಜನರ ಸೇವಕ ನಾನು ಎಂದು ಸೇವಕರು ಬಹಳ ಹೊತ್ತು ಹೇಳುತ್ತಾರೆ. ಬಂದಿದ್ದ ಜನ ಬೀಸಣಿಗೆಯಂತೆ ಅರ್ಜಿ ಬೀಸಿಕೊಳ್ಳುತ್ತಾ ಕೂತಿದ್ದಾರೆ. ಮುಖದಲ್ಲಿ ಸಿಟ್ಟೂ ಇಲ್ಲ. ಸಿಟ್ಟು ಬರಬೇಕಾದರೂ ಸ್ವಲ್ಪ ನಂಬಿಕೆ ಉಳಿದಿರಬೇಕು. ಹಿಂದಿನ ಸಾಲಿನಲ್ಲಿ ಒಬ್ಬ ಪಕ್ಕದವನನ್ನು, "ನೀವು ಯಾರಿಗೆ ವೋಟು ಹಾಕಿದ್ರಿ?" ಎಂದು ಕೇಳುತ್ತಾನೆ. "ಯಾರಿಗೆ ಹಾಕಿದ್ರೂ ಇವ್ರೇ ಬರ್ತಾರೆ ಬಿಡಿ. ಮುಖ ಮಾತ್ರ ಬೇರೆ."

ಅಕ್ಕನ ಸರದಿ ಬರುತ್ತದೆ. ಗಿಡ್ಡ ಹೆಂಗಸು, ಮೈಕು ಹಣೆಯ ಎತ್ತರಕ್ಕಿದೆ. ಮೈಕಣ್ಣ ಎದ್ದು ಹೋಗಿ ಸ್ಟ್ಯಾಂಡು ತಗ್ಗಿಸಿ, ಅವಳ ಮುಖ ನೋಡದೆ ವಾಪಸು ಬಂದು, ಅಲ್ಲಿಯವರೆಗೆ ಆರಿಸಿಟ್ಟಿದ್ದ ಆ ತಿರುಗಿಸಿದ ಬಾಕ್ಸಿಗೆ ದನಿ ಕೊಟ್ಟು ಕೂರುತ್ತಾರೆ.

"ಸಾಹೇಬ್ರೇ, ಆಸ್ಪತ್ರೇಲಿ ನೀವು ಉದ್ಘಾಟನೆ ಮಾಡಿದ ಯಂತ್ರ ಇದೆಯಲ್ಲ..."

ಪಿ.ಎ. ಕನ್ನಡಕ ತೆಗೆಯುತ್ತಾನೆ. ಕರವಸ್ತ್ರ ತೆಗೆಯುತ್ತಾನೆ. ಒರೆಸುತ್ತಾನೆ.

ಮೈಕಣ್ಣ ಕಾಲೆರಡನ್ನೂ ನೆಲದಿಂದ ಮೇಲೆತ್ತಿ, ಊಟಕ್ಕೆ ಕೂತವರಂತೆ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿಕೊಳ್ಳುತ್ತಾರೆ. ಕೈಗಳು ಮೇಜಿನ ಮೇಲೇ ಇವೆ, ಎಲ್ಲರಿಗೂ ಕಾಣುವಂತೆ.

ಪಿ.ಎ. ಇನ್ನೊಮ್ಮೆ ಒರೆಸುತ್ತಾನೆ. ಆ ಗಾಜು, ಈ ಗಾಜು, ಕಡ್ಡಿ, ಮೂಗಿನ ಮೇಲೆ ಕೂರುವ ಭಾಗ. ಇನ್ನು ಸ್ವಲ್ಪ ಒರೆಸಿದ್ದರೆ ಗಾಜೇ ಸವೆದುಹೋಗುತ್ತಿತ್ತು. ಅಕ್ಕ ಮಾತಾಡುತ್ತಲೇ ಇದ್ದಾಳೆ. ತಿರುಗಿಸಿಟ್ಟ ಬಾಕ್ಸಿನಿಂದ ಅವಳ ದನಿ ಶಾಸಕರ ಮುಖಕ್ಕೇ ಹೊಡೆಯುತ್ತಿದೆ. ಫೋನು ನೋಡುತ್ತಿದ್ದವರು ಬೆಚ್ಚಿ ತಲೆ ಎತ್ತುತ್ತಾರೆ, ತಮ್ಮ ಕಿವಿಯ ಬಳಿಯೇ ಯಾರೋ ಬಂದು ನಿಂತರೆಂಬಂತೆ.

"...ಯಂತ್ರ ಇದೆ, ನಡೆಸೋರಿಲ್ಲ. ನನ್ನ ಗಂಡ ಅದರ ಮುಂದೇನೇ ಹಾದು ಬಸ್ ಸ್ಟ್ಯಾಂಡಿಗೆ ಹೋಗ್ತಾರೆ. ಒಬ್ಬರನ್ನ ಕೊಡಿ. ಯಂತ್ರ ನಡೆಸೋಕೆ ಬರೋ ಒಬ್ಬರು. ಅಷ್ಟೇ. ಇನ್ನೇನೂ ಬೇಡ. ಮುಂದಿನ ಸಲ ನಾನು ಇಲ್ಲಿಗೆ ಬರೋ ಹೊತ್ತಿಗೆ ಅವರಿರ್ತಾರೋ ಇಲ್ವೋ."

ಎಷ್ಟೋ ವರ್ಷಗಳಲ್ಲಿ ಆ ಮೈಕಿನಲ್ಲಿ ಕೊನೆಯವರೆಗೂ ಕೇಳಿಸಿದ ಕಷ್ಟದ ಮಾತು ಅದೊಂದೇ.

ಶಾಸಕರು ಪಕ್ಕದ ಆರೋಗ್ಯಾಧಿಕಾರಿಯತ್ತ ತಿರುಗುತ್ತಾರೆ. ಅಧಿಕಾರಿ ಎದ್ದು, "ಯಂತ್ರದ ಉದ್ಘಾಟನೆ ಆಗಿದೆ ಸರ್. ಸುಸ್ಥಿತಿಯಲ್ಲಿದೆ" ಎನ್ನುತ್ತಾರೆ. ಸುಳ್ಳೇನಲ್ಲ. ಒಂದು ದಿನವೂ ಓಡದ್ದು ಕೆಡುವುದೆಲ್ಲಿಂದ?

ಶಾಸಕರು ತಮ್ಮ ಮೈಕು ಎಳೆದುಕೊಂಡು, "ತಾಯಿ, ನಿಮ್ಮ ನೋವು ನನ್ನ..." ಎನ್ನುವಷ್ಟರಲ್ಲಿ ಭವನ ಸೀಳಿಹೋಗುವಂತೆ ಕಿರುಚುತ್ತದೆ. ಹೌಲಿಂಗ್! ಬಾಕ್ಸಿನ ಮೂತಿ ಅವರ ಕಡೆಗಿದೆಯಲ್ಲ, ಅವರ ದನಿ ಅವರಿಗೇ ವಾಪಸು. ಶಾಸಕರು ಕಿವಿ ಮುಚ್ಚಿಕೊಳ್ಳುತ್ತಾರೆ. ಮೈಕಣ್ಣ ಕಾಲು ಬಿಡಿಸಿಕೊಳ್ಳಲಾಗದೆ ತಡಬಡಾಯಿಸಿ, ಆ ಬಾಕ್ಸಿನ ವೈರು ಕಿತ್ತು ಹಾಕುತ್ತಾರೆ. ಬೆಳಗ್ಗಿನಿಂದ ಮೊದಲ ಸಲ ಜನ ನಗುತ್ತಾರೆ.

ಮೂವತ್ತು ವರ್ಷದ ಅನುಭವಿ, ಗುರುಗಳ ಮೊದಲ ಪಾಠವನ್ನೇ ಹೇಗೆ ಮರೆತರು? ಕೇಳಿದರೆ ಮೈಕಣ್ಣ ಹೇಳುವ ಉತ್ತರವನ್ನು ಗೋಡೆಯ ಮೇಲೆ ಬರೆಸಿಡಬೇಕು.

"ಮರೆತಿರ್ಲಿಲ್ಲ. ಅಕ್ಕನ ಮೈಕ್ ದೂರ ಇತ್ತು, ಅದಕ್ಕೆ ಹೌಲಿಂಗ್ ಬರಲ್ಲ ಅಂತ ಲೆಕ್ಕ ಹಾಕಿದ್ದೆ. ಅವರು ತಿರುಗಿ ಉತ್ತರ ಕೊಡ್ತಾರೆ ಅಂತ ಮಾತ್ರ ಅಂದ್ಕೊಂಡಿರ್ಲೇ ಇಲ್ಲ. ಯಾವತ್ತು ಕೊಟ್ಟಿದ್ರು?"

ಸದ್ದಡಗಿದ ಮೇಲೆ ಶಾಸಕರು ಉತ್ತರ ಮುಗಿಸುತ್ತಾರೆ. ತಾಯಿಯ ನೋವು ಅವರ ನೋವು. ಕಣ್ಣಂಚು ಒರೆಸಿಕೊಳ್ಳುತ್ತಾರೆ, ಮೈಕಣ್ಣನಿಗೆ ಗೊತ್ತು, ಅದಕ್ಕೆ ಮುಂಚೆ ಒಂದು ಗುಟುಕು ನೀರು ಕುಡಿದಿದ್ದರು. "ಒಂದು ಯಂತ್ರ ಸಾಲದು ಅನ್ನೋದು ನನಗೆ ಅರ್ಥವಾಗಿದೆ. ನಮ್ಮ ಆಸ್ಪತ್ರೆಗೆ ಇನ್ನೊಂದು ಹೊಸ ಯಂತ್ರ! ಮುಂದಿನ ತಿಂಗಳೇ ನಾನೇ ಬಂದು ಉದ್ಘಾಟಿಸ್ತೀನಿ!"

ಚಪ್ಪಾಳೆ. ಮುಂದಿನ ಸಾಲಿನ ಬೆಂಬಲಿಗರು ಶುರು ಮಾಡಿದ್ದು, ಹಿಂದಿನ ಸಾಲಿನವರೂ ಅಭ್ಯಾಸಬಲದಿಂದ ಸೇರಿಕೊಂಡದ್ದು. ಫೋಟೋದವನು ಅಕ್ಕನನ್ನು ಶಾಸಕರ ಪಕ್ಕ ನಿಲ್ಲಿಸುತ್ತಾನೆ. "ಗೆದ್ದುಬಿಟ್ರಿ ಅಕ್ಕಾವ್ರೇ" ಎನ್ನುತ್ತಾನೆ ಒಬ್ಬ. ಅಕ್ಕನ ಕೈಯಲ್ಲಿ ಟೋಕನ್ ಹಾಗೇ ಇದೆ. "ಹಸಿದವನಿಗೆ ಇನ್ನೊಂದು ಖಾಲಿ ತಟ್ಟೆ ತಂದುಕೊಟ್ಟ ಹಾಗಾಯ್ತು" ಎನ್ನುತ್ತಾಳೆ ಅವಳು. ಅಷ್ಟು ಹೊತ್ತಿಗೆ ಮೈಕು ಬೇರೆಯವರ ಕೈಯಲ್ಲಿದೆ.

ಸಭೆ ಮುಗಿದು ಕಾರುಗಳು ಹೊರಡುವಾಗ ಪಿ.ಎ. ಮೇಜಿನ ಬಳಿ ಬರುತ್ತಾನೆ. ಇನ್ನು ಈ ಅನ್ನವೂ ಹೋಯಿತು ಎಂದುಕೊಂಡು ಮೈಕಣ್ಣ ಎದ್ದು ನಿಲ್ಲುತ್ತಾರೆ. ಬೈಗುಳ ಬರುವುದಿಲ್ಲ. ಪಿ.ಎ. ಹೆಗಲ ಮೇಲೆ ಕೈ ಹಾಕುತ್ತಾನೆ.

"ನೀವು ಕಟ್ ಮಾಡದೇ ಇದ್ದದ್ದು ಒಳ್ಳೇದೇ ಆಯ್ತು ಕಣ್ರೀ. ಸಾಹೇಬ್ರಿಗೂ ಖುಷಿ. ಇನ್ಮೇಲೆ ಆ ಸ್ವಿಚ್ಚು ಬೇಡ. ಮಾತಾಡ್ಲಿ ಬಿಡಿ, ಪೂರ್ತಿ ಮಾತಾಡ್ಲಿ. ಮಾತಾಡಿದ್ರೆ ಹಗುರಾಗಿ ಮನೆಗೆ ಹೋಗ್ತಾರೆ. ಕಟ್ ಮಾಡಿದ್ರೇನೇ ನಮಗೆ ಕೆಟ್ಟ ಹೆಸರು." ಎರಡು ಹೆಜ್ಜೆ ಹೋಗಿ ತಿರುಗುತ್ತಾನೆ. "ಆ ಬಾಕ್ಸ್ ಮಾತ್ರ ಇನ್ನೊಂದ್ಸಲ ಈ ಕಡೆ ತಿರುಗಿಸ್ಬೇಡಿ."

ಮೈಕಣ್ಣ ಬಗ್ಗಿ ಮೇಜಿನ ಕೆಳಗೆ ನೋಡುತ್ತಾರೆ. ಎಷ್ಟೋ ವರ್ಷ ಹೆದರಿ ಹೆದರಿ ಒತ್ತಿದ ಸ್ವಿಚ್ಚು. ಅದನ್ನು ಒತ್ತದಿದ್ದರೆ ಏನೋ ಆಗಿಬಿಡುತ್ತದೆ ಎಂದು ಅವರೂ ನಂಬಿದ್ದರು, ಒತ್ತಿಸಿದವರೂ ನಂಬಿದ್ದರು. ಒತ್ತಲಿಲ್ಲ. ಏನೂ ಆಗಲಿಲ್ಲ.

ಖಾಲಿ ಭವನದಲ್ಲಿ ಕೇಬಲ್ಲು ಸುತ್ತಲು ಅಕ್ಕ ಕೈ ಜೋಡಿಸುತ್ತಾಳೆ. ಮೇಜಿನ ಕೆಳಗಿನ ವೈರಿನ ತುದಿಯಲ್ಲಿ ಸ್ವಿಚ್ಚು ಸಿಗುತ್ತದೆ.

"ಇದೇನೋ? ಮೇಜಿನ ಕೆಳಗೆ ಯಾವ ದೀಪ ಇತ್ತು?"

ಮೈಕಣ್ಣ ಹೇಳುತ್ತಾರೆ. ಎಲ್ಲ ಹೇಳುತ್ತಾರೆ. ಅಕ್ಕ ಸುತ್ತಿದ ಕೇಬಲ್ಲನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತಾಳೆ.

"ಹಾಗಾದ್ರೆ ಇಷ್ಟು ವರ್ಷ ಕೆಟ್ಟಿದ್ದು ಸೆಟ್ಟಲ್ಲ."

"ಅಲ್ಲ ಅಕ್ಕಾ."

"ನಾಲ್ಕು ಜನರ ಮುಂದೆ ನಿನ್ನ ಸೆಟ್ಟನ್ನ ನಾನೂ ಬೈದಿದ್ದೀನಿ."

"ಬೈಗುಳ ಸರಿಯಾದ ಮನೆಗೇ ಬಂದಿತ್ತು. ಬಾಗಿಲು ಮಾತ್ರ ತಪ್ಪು."

ಅಕ್ಕ ನಗುವುದಿಲ್ಲ. ಸ್ವಿಚ್ಚನ್ನು ತಮ್ಮನ ಅಂಗಿ ಜೇಬಿಗೆ ಹಾಕಿ, ಗುಂಡಿ ಹಾಕುತ್ತಾಳೆ. ಹೊರಗೆ ಮೆಟ್ಟಿಲ ಮೇಲೆ ಭಾವ ಗೋಡೆಗೊರಗಿ ಕೂತಿದ್ದಾರೆ. ಕಾಲು ಊದಿ ಚಪ್ಪಲಿ ಬಿಟ್ಟಿದ್ದಾರೆ. "ಎಲ್ಲ ಕೇಳಿಸ್ತು ಕಣೇ, ಇಲ್ಲಿಯವರೆಗೂ" ಎನ್ನುತ್ತಾರೆ ಹೆಂಡತಿಗೆ. "ಚೆನ್ನಾಗಿ ಮಾತಾಡ್ದೆ. ನಾಳೆ ಬಸ್ಸಿಗೆ ಬೇಗ ಏಳಿಸು."

ಮೈಕಣ್ಣನಿಗೆ ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಬಾಕ್ಸಿನ ಮೇಲಿನ ಧೂಳು ಒರೆಸುತ್ತಾ ಯೋಚಿಸುತ್ತಾರೆ. ಹೊಸ ಯಂತ್ರದ ಉದ್ಘಾಟನೆಗೂ ಮೈಕು ಇವರದೇ ಎಂದು ಪಿ.ಎ. ಹೇಳಿಹೋಗಿದ್ದಾನೆ. "ಹೋಗ್ತೀನಿ, ಹೊಟ್ಟೆ ಕೇಳ್ಬೇಕಲ್ಲ. ಅವತ್ತು ಭಾವ ಮುಂದಿನ ಸಾಲಲ್ಲಿ ಕೂತಿರ್ಲಿ. ಅಷ್ಟೇ ಆಸೆ."

ಬಾಕ್ಸನ್ನು ಮತ್ತೆ ಎದೆಗವುಚಿಕೊಂಡು ಎತ್ತುತ್ತಾರೆ. ಹಿಂಬಾಗಿಲಿನಲ್ಲಿ ಒಂದು ಕ್ಷಣ ನಿಂತು ತಿರುಗುತ್ತಾರೆ.

"ಇನ್ನೊಂದು ಬರ್ಕೊಳ್ಳಿ. ಇವತ್ತು ನನ್ನ ಸೆಟ್ಟು ಕೆಟ್ಟಿರ್ಲಿಲ್ಲ. ಹೊರಗೆ ಮೆಟ್ಟಿಲಿಗೂ ಕೇಳಿಸಿದೆ, ಒಳಗೆ ವೇದಿಕೆಗೂ ಕೇಳಿಸಿದೆ. ನಾಳೆ ವೇದಿಕೆ ಮೇಲಿದ್ದೋರು ಯಾರಾದ್ರೂ ನಮಗೆ ಕೇಳಿಸಲೇ ಇಲ್ಲ ಅಂದ್ರೆ, ಅದು ಮೈಕಿನ ತಪ್ಪಲ್ಲ."